ಒಯ್ರಿ, ನಿಮ್ಮದೇ ಅದ

ಎರಡು ಸೀಮೆಯ ಕನ್ನಡದವರು ಒಂದೇ ಸೂರಿನಡಿ ಕೂತರೆ ಇಂಥವು ಆಗುತ್ತಲೇ ಇರುತ್ತವೆ. ಇವತ್ತಿಗೂ ಆಗುತ್ತವೆ. ಆದರೆ ಏಕೀಕರಣದ ಹೊಸದರಲ್ಲಿ ಆದಷ್ಟು ಮತ್ತೆಂದೂ ಆಗಲಿಲ್ಲ. ಆಗ ನಮ್ಮ ಶಹಾಪುರ ಹೈದರಾಬಾದಿನ ಕೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ನಕ್ಷೆಯ ಮೇಲಿನ ಗೆರೆ ಅಳಿಸಿದವರು ಅಳಿಸಿ ಕೈ ತೊಳೆದುಕೊಂಡರು. ಊಟಕ್ಕೆ ಕೂತವನು ಸಾಕು ಅನ್ನುವುದು ಹೇಗೆ, ಯಾರಾದರೂ ಹೊಗಳಿದರೆ ಏನು ಮಾಡಬೇಕು ಅನ್ನುವುದನ್ನೆಲ್ಲ ನಮ್ಮ ತಲೆಗೆ ಬಿಟ್ಟರು.

ಮೈಸೂರು ಕಡೆಯವರ ಬಗ್ಗೆ ನಮ್ಮ ಓಣಿಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ಒಬ್ಬರನ್ನೂ ಕಂಡಿರಲಿಲ್ಲ ಅಷ್ಟೆ. ಅವರು ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಮಾತಾಡುತ್ತಾರೆ, ಆದರೆ ಮನೆಗೆ ಬಂದವರನ್ನು "ಕಾಫಿ ಕುಡೀತೀರಾ" ಅಂತ ಕೇಳುತ್ತಾರೆ. ಕೇಳಿದ ಮೇಲೆ ಮಾನ ಇದ್ದವರು ಹೂಂ ಅನ್ನುತ್ತಾರೆಯೇ? ನಮ್ಮಲ್ಲಿ ಕೇಳುವ ಪದ್ಧತಿಯೇ ಇಲ್ಲ, ತಂದು ಮುಂದಿಡುವುದು. ನಮ್ಮ ಬಗ್ಗೆ ಅವರಿಗೂ ಹೀಗೇ ಎಲ್ಲ ಗೊತ್ತಿತ್ತಂತೆ. ಸೊಂಟದಲ್ಲಿ ಚಾಕು, ತಟ್ಟೆಯಲ್ಲಿ ಮೆಣಸಿನಕಾಯಿ, ಬಾಯಿ ತೆರೆದರೆ ಜಗಳ.

ಈ ಎರಡೂ ತಿಳಿವಳಿಕೆಗಳು ಢಿಕ್ಕಿ ಹೊಡೆದದ್ದು ನನ್ನ ಲಗ್ನದ ಮಾತುಕತೆಯಲ್ಲಿ. ಈಗ ಹೇಳುವಾಗ ನನಗೂ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಮಾತಾಡಾಕತ್ತೇವಿ

ನಮ್ಮಪ್ಪನದು ಕಾಳುಕಡಿ, ಹತ್ತಿಯ ಅಡತಿ ಅಂಗಡಿ, ಅಂದರೆ ದಲ್ಲಾಳಿ ವ್ಯಾಪಾರ. ಮನೆಯ ಮುಂದಿನ ಖೋಲಿ ಖಾಲಿ ಇತ್ತು. ಹೈಸ್ಕೂಲಿಗೆ ಹೊಸದಾಗಿ ಬಂದ ಮಾಸ್ತರೊಬ್ಬರು ಅದನ್ನು ಬಾಡಿಗೆಗೆ ಹಿಡಿದರು. ತುಮಕೂರು ಕಡೆಯವರು, ತೆಳ್ಳಗೆ, ಮಾತು ಇನ್ನೂ ತೆಳ್ಳಗೆ. ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ" ಅಂತ ಅವರು ಕೇಳಿದ್ದು ಅಪ್ಪನಿಗೆ ಕೇಳಿಸಲೇ ಇಲ್ಲ, ಹೊರಗೇ ಬಹಳ ಹೊತ್ತು ನಿಂತಿದ್ದರು.

ಮರುದಿನ ಮುಂಜಾನೆ ಅಪ್ಪ ಅಂಗಳದಲ್ಲಿ ಬೇವಿನ ಕಡ್ಡಿಯನ್ನು ಚಾಕುವಿನಿಂದ ಸವರುತ್ತಿದ್ದ. ಪಕ್ಕದ ಮನೆಯ ಅಡತ್ಯ ಬಂದ. ಇಬ್ಬರೂ ಮಾತಿಗೆ ನಿಂತರು. ಸ್ವಲ್ಪ ಹೊತ್ತಿಗೆ ಮಾಸ್ತರು ಖೋಲಿಯಿಂದ ಓಡಿ ಬಂದರು. ಒಂದು ಕೆನ್ನೆಗೆ ಸಾಬೂನಿನ ನೊರೆ ಹಾಗೇ ಇತ್ತು. ಇಬ್ಬರ ನಡುವೆ ಕೈ ಚಾಚಿ ನಿಂತು, "ದಯವಿಟ್ಟು, ದಯವಿಟ್ಟು ಸಮಾಧಾನ ಮಾಡ್ಕೊಳ್ಳಿ. ಏನೇ ಇದ್ರೂ ಕೂತು ಬಗೆಹರಿಸ್ಕೊಳ್ಳೋಣ" ಅಂದರು.

ಅಪ್ಪ ಚಾಕು ಹಿಡಿದ ಕೈಯನ್ನೇ ಎತ್ತಿ, "ಏನಾತ್ರಿ ಮಾಸ್ತರ?" ಅಂದ.

ಮಾಸ್ತರು ಬೆಚ್ಚಿದರು, ಆದರೆ ನಡುವಿನಿಂದ ಕದಲಲಿಲ್ಲ. "ಜಗಳ ಬೇಡ..."

"ಜಗಳ ಎಲ್ಲದ್ರಿ? ಜೋಳ ಬಿತ್ತೋದರ ಬಗ್ಗೆ ಮಾತಾಡಾಕತ್ತೇವಿ."

ಪಕ್ಕದ ಮನೆಯವನು ನಗುತ್ತ ಹೇಳಿದ: "ಜಗಳ ಇದ್ದಿದ್ರ ನಾವು ಮಾತೇ ಆಡ್ತಿದ್ದಿಲ್ರಿ. ಸುಮ್ಮ ಕುಂಡ್ರತಿದ್ವಿ."

ಅದು ಹಾಸ್ಯವಲ್ಲ, ನಿಜ. ನಮ್ಮ ಮನೆಯಲ್ಲಿ ದನಿ ಏರಿದರೆ ಎಲ್ಲ ನೆಟ್ಟಗಿದೆ ಅಂತ ಅರ್ಥ. ಅಪ್ಪನ ದನಿ ಇಳಿದರೆ ಅವ್ವ ಒಲೆಯ ಉರಿ ಕಡಿಮೆ ಮಾಡುತ್ತಿದ್ದಳು. ಅವನು ಪೂರ್ತಿ ಸುಮ್ಮನಾದರೆ ಓಣಿಯವರು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಗುರುಮಠಕಲ್ಲಿನ ದಾಯಾದಿಯೊಬ್ಬನ ಜೊತೆ ಅಪ್ಪ ಒಂದು ಇಡೀ ಮದುವೆ ಸುಮ್ಮನೆ ಕೂತು ಬಂದಿದ್ದ. ಆ ಸಂಬಂಧ ಇವತ್ತಿನ ತನಕ ಕೂಡಿಲ್ಲ.

ಮಾಸ್ತರು ಇಷ್ಟನ್ನು ಕಲಿತರು, ಆದರೆ ನಂಬಿಕೆ ಬರಲಿಲ್ಲ. ಅಂಗಳದಲ್ಲಿ ದನಿ ಏರಿದಾಗಲೆಲ್ಲ ಖೋಲಿಯ ಕಿಟಕಿಯಿಂದ ಇಣುಕಿ, ಎದುರಿನ ಅಡುಗೆಮನೆ ಕಿಟಕಿಯಲ್ಲಿದ್ದ ನನ್ನತ್ತ ನೋಡುತ್ತಿದ್ದರು. ನಾನು ಜಗಳ ಅಲ್ಲ ಅಂತ ತಲೆ ಅಲ್ಲಾಡಿಸುತ್ತಿದ್ದೆ. ಅವರು ನಿಟ್ಟುಸಿರುಬಿಟ್ಟು ಮತ್ತೆ ಪುಸ್ತಕ ತೆರೆಯುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪ ತಲೆನೋವು ಅಂತ ಅಂಗಡಿಯಿಂದ ಬಂದು ಜಗಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂತ. ಮಾಸ್ತರು ಸದ್ದಿಲ್ಲದೆ ಎದ್ದು ಖೋಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡರು.

ಖುರ್ಚಿ

ಇಲ್ಲಿ ನಮ್ಮ ಕಡೆಯ ಒಂದು ರಿವಾಜು ಹೇಳಬೇಕು. ಮನೆಗೆ ಬಂದವರು ಯಾವುದಾದರೂ ವಸ್ತುವನ್ನು ಚಂದ ಇದೆ ಅಂದರೆ, ಮನೆಯ ಯಜಮಾನ ಕೂಡಲೇ "ಒಯ್ರಿ, ನಿಮ್ಮದೇ ಅದ" ಅನ್ನಬೇಕು. ಬಂದವರು ಎದೆಯ ಮೇಲೆ ಕೈ ಇಟ್ಟು "ನಿಮ್ಮಲ್ಲೇ ಇರ್ಲಿ, ನಮ್ಮಲ್ಲಿದ್ದಂಗೇ" ಅನ್ನಬೇಕು. ಅಲ್ಲಿಗೆ ಎರಡೂ ಕಡೆಯ ಇಜ್ಜತ್ತು ಉಳಿಯಿತು, ವಸ್ತುವೂ ಉಳಿಯಿತು. ನಿಜಾಮರ ಕಾಲದ ದೊಡ್ಡ ಮನೆಗಳಿಂದ ಇಳಿದು ಬಂದ ನಡವಳಿಕೆ ಇದು. ನಮ್ಮಪ್ಪ ಉರ್ದು ಶಾಲೆಯಲ್ಲಿ ಓದಿದವನು, ಇದರಲ್ಲಿ ಬಲು ಕಟ್ಟುನಿಟ್ಟು.

ಅಪ್ಪನ ಹತ್ತಿರ ಒಂದು ಆರಾಮಖುರ್ಚಿ ಇತ್ತು. ಹೈದರಾಬಾದಿನಿಂದ ತರಿಸಿದ್ದು, ಬೆತ್ತ ಹೆಣೆದದ್ದು. ಅಂಗಡಿ ಮುಚ್ಚಿ ಬಂದ ಮೇಲೆ ಅವನು ಮನುಷ್ಯನಾಗುತ್ತಿದ್ದದ್ದು ಆ ಖುರ್ಚಿಯಲ್ಲೇ.

ಒಂದು ಸಂಜೆ ಮಾಸ್ತರು ಅದನ್ನು ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆ ಸರ್ ಈ ಕುರ್ಚಿ" ಅಂದರು. ಅವರ ಕಡೆ ಹೊಗಳುವುದು ನಮಸ್ಕಾರ ಮಾಡಿದ ಹಾಗೆ, ಮಾಡದಿದ್ದರೆ ಮರ್ಯಾದೆ ಗೊತ್ತಿಲ್ಲ ಅಂತ.

ಅಪ್ಪ ಎದ್ದು ನಿಂತ. "ಒಯ್ರಿ, ನಿಮ್ಮದೇ ಅದ."

ಮಾಸ್ತರ ಕೈ ಎದೆಗೆ ಹೋಗಲಿಲ್ಲ. ನೇರ ಖುರ್ಚಿಯ ಕೈಗೆ ಹೋಯಿತು. "ಅಯ್ಯೋ, ತುಂಬ ಉಪಕಾರ ಆಯ್ತು ಸರ್" ಅಂದವರೇ ಅದನ್ನು ಎತ್ತಿಕೊಂಡು ಖೋಲಿಗೆ ನಡೆದರು.

ಅಪ್ಪ ಖುರ್ಚಿ ಇದ್ದ ಜಾಗವನ್ನು ನೋಡುತ್ತ ನಿಂತ. ಬಾಗಿಲ ಬಳಿ ಕೂತಿದ್ದ ಆಯಿ, ಅಂದರೆ ಅಪ್ಪನ ತಾಯಿ, "ಕೊಟ್ಟಿ, ಆತಲ್ಲ. ಈಗ ನೆಲದ ಮ್ಯಾಲೆ ಕುಂಡ್ರು" ಅಂದಳು.

ವಾಪಸು ಕೇಳುವ ಹಾಗಿಲ್ಲ, ಕೇಳಿದರೆ ಏಳು ತಲೆಮಾರಿನ ಹೆಸರು ಹೋಗುತ್ತದೆ. ಮಾಸ್ತರಿಗೆ ಹೀಗಿದೆ ನಮ್ಮ ಪದ್ಧತಿ ಅಂತ ಹೇಳುವ ಹಾಗೂ ಇಲ್ಲ, ಹೇಳಿದರೆ ಕೊಟ್ಟದ್ದು ಸುಳ್ಳಾಗುತ್ತದೆ. ಒಂದೆರಡು ದಿನ ಅಪ್ಪ ಕಾಳಿನ ಚೀಲದ ಮೇಲೆ ಕೂತು ನೋಡಿದ. ಆಮೇಲೆ ದಿನಾ ಸಂಜೆ "ಮಾಸ್ತರು ಹ್ಯಾಂಗದಾರ ನೋಡಿ ಬರ್ತೀನಿ" ಅಂತ ಮುಂದಿನ ಖೋಲಿಗೆ ಹೋಗತೊಡಗಿದ. ಮಾಸ್ತರು ಹಿರಿಯರು ಬಂದರಲ್ಲ ಅಂತ ಎದ್ದು ಖುರ್ಚಿ ಬಿಟ್ಟುಕೊಟ್ಟು ನೆಲದ ಮೇಲೆ ಕೂರುತ್ತಿದ್ದರು. ಅಪ್ಪ ರಾತ್ರಿ ಊಟದ ತನಕ ಅಲ್ಲೇ ಒರಗಿ ಅವರ ಆರೋಗ್ಯ ವಿಚಾರಿಸುತ್ತಿದ್ದ. ಅಷ್ಟು ಚೆನ್ನಾಗಿ ವಿಚಾರಿಸಿಕೊಂಡ ಆರೋಗ್ಯ ಶಹಾಪುರದಲ್ಲಿ ಇನ್ನೊಬ್ಬರದು ಇರಲಿಲ್ಲ.

ವಲ್ಲಿಯ ಮೇಲೆ ರೊಟ್ಟಿ

ನನಗೆ ಮಾಸ್ತರು ಬೇಕಾಗಿದ್ದರು. ಮುಚ್ಚಿಡುವುದೇನಿದೆ? ಆ ಕಿಟಕಿ ಈ ಕಿಟಕಿ ತಲೆ ಅಲ್ಲಾಡಿಸಿಯೇ ಬೇಕಾಗಿದ್ದರು. ಅವರಿಗೂ ಹಾಗೇ ಆಗಿರಬೇಕು, ಹೆಡ್‌ ಮಾಸ್ತರರ ಕಡೆಯಿಂದ ಅಪ್ಪನನ್ನು ಕೇಳಿಸಿದರು. ನಾವೂ ಲಿಂಗ ಕಟ್ಟುವವರು, ಅವರೂ ಲಿಂಗ ಕಟ್ಟುವವರು, ಅದರಲ್ಲಿ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದದ್ದು ಸುರಪುರದಲ್ಲಿ. ಅಲ್ಲಿ ನನ್ನ ಸೋದರಮಾವ ಇದ್ದ, ಅವ್ವನ ತಮ್ಮ, ಹೆಂಡತಿ ತೀರಿಕೊಂಡವನು. ನನ್ನನ್ನು ಅವನಿಗೇ ಕೊಡುವುದು ಅಂತ ಯಾವಾಗಲೋ ಮಾತಾಗಿತ್ತು. ಒಳ್ಳೆಯ ಮನುಷ್ಯ, ಕೆಟ್ಟವನಲ್ಲ. ಆದರೆ ಸಣ್ಣವಳಿದ್ದಾಗ ನನ್ನ ಮೂಗು ಒರೆಸಿದವನು. ಅವನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಕೂರುವುದನ್ನು ನೆನೆಸಿಕೊಂಡರೆ ನನಗೆ ಅಳು ಬರುತ್ತಿತ್ತು.

ಅಪ್ಪ ಹೇಳಿದ: "ಮಾಸ್ತರ ತಂದಿ ತಾಯಿ ಬರ್ಲಿ. ಮನ್ಯಾಗ ನಾಕು ದಿನ ಇರ್ಲಿ. ಮಂದಿ ಹ್ಯಾಂಗದಾರ ನೋಡೂಣು. ಸರಿ ಬಂದ್ರ ಗುರುವಾರ ಹುಡುಗಿ ತೋರಸೂಣು. ಸರಿ ಬರಲಿಲ್ಲಂದ್ರ ಸುರಪುರ ಎಲ್ಲಿಗೂ ಓಡಿ ಹೋಗಿಲ್ಲ."

ಅವರು ಯಾದಗಿರಿ ತನಕ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದಿಳಿದರು. ಅಪ್ಪ ಶೇರವಾನಿ ತೊಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತಂದ. ಮೊದಲ ಊಟದಲ್ಲೇ ಅನಾಹುತವಾಯಿತು.

ನಮ್ಮಲ್ಲಿ ತಾಟಿನಲ್ಲಿ ಒಂದು ತುತ್ತು ಉಳಿಸಿ ಎರಡೂ ಕೈ ಅಡ್ಡ ಹಿಡಿದರೆ ಸಾಕು ಅಂತ. ತಾಟು ಖಾಲಿಯಾದರೆ ಇನ್ನೂ ಹಸಿವಿದೆ ಅಂತ. ಅವರಲ್ಲಿ ಬಡಿಸಿದ್ದನ್ನು ಬಿಡುವುದು ಅನ್ನಕ್ಕೆ ಮಾಡುವ ಅವಮಾನ. ಮಾಸ್ತರ ತಂದೆ ಬಡಿಸಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವನ್ನೂ ಮುಗಿಸಿ ಮೆಲ್ಲಗೆ "ಸಾಕಮ್ಮ" ಅಂದರು. ಖಾಲಿ ತಾಟು ಕಂಡು ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಅವರು ಅದನ್ನೂ ಮುಗಿಸಿದರು. ಅವ್ವ ಮತ್ತೆ ಹಾಕಿದಳು. ಹಿಂಡಿಯ ಖಾರಕ್ಕೆ ಅವರ ಕಣ್ಣಿನಿಂದ ನೀರು ಸುರಿಯತೊಡಗಿತು. ಇವರಿಗೆ ಹೆಂಥಾ ಖುಷಿ ಆಗಿದೆ ನೋಡು ಅಂತ ಅವ್ವ ಇನ್ನಷ್ಟು ಹಿಂಡಿ ಬಡಿಸಿದಳು.

ಪಾಪ, ಆ ಮನುಷ್ಯ ಎಷ್ಟು ಹೊತ್ತು ತಡೆದಾರು? ಕೊನೆಗೆ ಹೆಗಲ ಮೇಲಿದ್ದ ವಸ್ತ್ರ, ಆ ವಲ್ಲಿಯನ್ನೇ ತೆಗೆದು ತಾಟಿನ ಮೇಲೆ ಪೂರ್ತಿ ಹೊದಿಸಿಬಿಟ್ಟರು.

ಅವ್ವ ಒಂದು ಗಳಿಗೆ ನೋಡಿದಳು. ಮೈಸೂರು ಕಡೆ ಹೀಗೂ ಒಂದು ಪದ್ಧತಿ ಇದ್ದೀತು ಅಂದುಕೊಂಡು, ವಲ್ಲಿಯ ಮೇಲೆ ಒಂದು ರೊಟ್ಟಿ ಇಟ್ಟಳು.

ಪಡಸಾಲೆ ತುಂಬಿತು

ಮಾಸ್ತರ ತಾಯಿ ಸಾಧ್ವಿ. ಬೆಳ್ಳಗೆ ಗುಂಡಗೆ, ಕಂಡದ್ದನ್ನೆಲ್ಲ ಹೊಗಳುವ ಬಾಯಿ. ಬಂದ ಮರುದಿನ ಸ್ನಾನ ಮುಗಿಸಿ ಬಂದು, "ಎಂಥಾ ಚೆನ್ನಾಗಿದೆ ನಿಮ್ಮ ತಾಮ್ರದ ಹಂಡೆ!" ಅಂದರು.

ಅಪ್ಪ ಬೀಗರಾಗುವವರ ಮುಂದೆ ಕಡಿಮೆ ಬೀಳುತ್ತಾನೆಯೇ? "ಒಯ್ರಿ, ನಿಮ್ಮದೇ ಅದ."

ಆ ತಾಯಿ "ಅಯ್ಯೋ, ಇದೆಲ್ಲ ಯಾಕೆ ತೊಂದರೆ" ಅಂತ ನಕ್ಕು ಸುಮ್ಮನಾದರು. ಎದೆಯ ಮೇಲೆ ಕೈ ಇಲ್ಲ. ಅಂದರೆ ಒಪ್ಪಿದ ಹಾಗೆ. ಅಪ್ಪ ಆಳನ್ನು ಕರೆದು ಹಂಡೆಯನ್ನು ತೊಳೆಸಿ ಪಡಸಾಲೆಯಲ್ಲಿ ಅವರ ಟ್ರಂಕಿನ ಪಕ್ಕ ಇಡಿಸಿದ. ಅವತ್ತಿನಿಂದ ನಮ್ಮ ಮನೆಯವರೆಲ್ಲ ತಣ್ಣೀರು ಸ್ನಾನ.

ಸಂಜೆಗೆ ನಾನು ಹೊಲಿದ ಕೌದಿಯನ್ನು ಹೊಗಳಿದರು. ಅದೂ ಟ್ರಂಕಿನ ಪಕ್ಕ ಹೋಯಿತು. ಮರುದಿನ ಬೀಸುವ ಕಲ್ಲು ಎಷ್ಟು ನುಣುಪಾಗಿದೆ ಅಂದರು. ಇಬ್ಬರು ಆಳುಗಳು ಅದನ್ನು ಉರುಳಿಸಿಕೊಂಡು ಬಂದರು. ಆ ತಾಯಿಯ ಮುಖ ಬಿಳುಚತೊಡಗಿತ್ತು, ಆದರೆ ಹೆದರಿಕೆಯಾದಷ್ಟೂ ಅವರು ಹೊಗಳುವುದು ಜಾಸ್ತಿಯಾಗುತ್ತಿತ್ತು. ಅವರಿಗೆ ಗೊತ್ತಿದ್ದದ್ದು ಅದೊಂದೇ ಮರ್ಯಾದೆ.

ಅಷ್ಟರಲ್ಲಿ ಸುರಪುರದ ಮಾವ ಬಂದಿಳಿದ. ಪಡಸಾಲೆಯನ್ನು ನೋಡಿ, ಅಪ್ಪನ ಪಕ್ಕ ಕೂತು, "ಭಾವ, ಇದೇನು ಅಂಗಡಿ ಮನಿಗೆ ತಂದೀರಿ?" ಅಂದ. ಅಪ್ಪ ನಡೆದದ್ದನ್ನು ಹೇಳಿದ. ಮಾವ ಮೀಸೆಯೊಳಗೇ ನಕ್ಕ. "ತಿಳೀಲಿಲ್ಲೇನು? ಬಾಯಿ ಬಿಟ್ಟು ವರದಕ್ಷಿಣಿ ಕೇಳಿದ್ರ ಮಂದಿ ನಗ್ತಾರ. ಅದಕ್ಕ ಚಂದ ಅದ, ಚಂದ ಅದ ಅಂತ ಒಂದೊಂದೇ ಎತ್ತಾಕತ್ತಾರ. ಮೈಸೂರು ಸೀಮಿ ಮಂದಿ ಶಾಣ್ಯಾರು."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಪ್ಪ "ಹಂಗಿರಲಿಕ್ಕಿಲ್ಲ ಬಿಡು" ಅಂದ. ಆದರೆ ದನಿ ಇಳಿದಿತ್ತು.

ಅಪ್ಪನ ಪ್ರಾಣವೆಲ್ಲ ಇದ್ದದ್ದು ಒಂದು ಎತ್ತಿನಲ್ಲಿ. ವನದುರ್ಗದಿಂದ ಕರುವಾಗಿದ್ದಾಗಲೇ ತಂದು ಬೆಳೆಸಿದ್ದು, ಬಿಳಿ ಬಣ್ಣ, ಕೊಂಬಿಗೆ ಹಿತ್ತಾಳೆಯ ಅಣಸು. ಅವತ್ತು ಸಂಜೆ ಅದು ಮೇವಿನಿಂದ ಬಂತು. ನಾನು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಕೂತೆ. ಬೇಡ ತಾಯಿ, ಬೇಡ, ಅದನ್ನು ನೋಡಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಅಬ್ಬಾ! ಈ ಎತ್ತು ಎಷ್ಟು ಲಕ್ಷಣವಾಗಿದೆ!"

ಆಮೇಲೆ ಅಪ್ಪನ ಸಣ್ಣ ದನಿ. "ಒಯ್ರಿ. ನಿಮ್ಮದೇ ಅದ."

ಎತ್ತನ್ನು ತಂದು ಪಡಸಾಲೆಯ ಕಂಬಕ್ಕೆ ಕಟ್ಟಿದರು. ಅದಕ್ಕೇನು ಗೊತ್ತು ದಾನ ಧರ್ಮ? ಹಗ್ಗ ಬಿಚ್ಚಿಕೊಂಡು ತನ್ನ ಕೊಟ್ಟಿಗೆಗೆ ಹೋಯಿತು. ಅಪ್ಪ ಹೋಗಿ ಹಿಡಿದು ತಂದು ಮತ್ತೆ ಕಟ್ಟಿದ. ಅದು ಮತ್ತೆ ಹೋಯಿತು, ಅಪ್ಪ ಮತ್ತೆ ತಂದ. ಅವನ ಕಣ್ಣು ಕೆಂಪಾಗಿದ್ದವು. ಕಟ್ಟುತ್ತ ಎತ್ತಿನ ಕಿವಿಯಲ್ಲಿ, "ಹೋಗಪ್ಪಾ, ತುಮಕೂರಿಗೆ ಹೋಗು. ನಿನ್ನ ಹಣ್ಯಾಗ ರೈಲು ಬರದದ" ಅಂದದ್ದನ್ನು ಆಯಿ ಕೇಳಿಸಿಕೊಂಡಳು.

ಹಿತ್ತಿಲಿನ ಪಾಠ

ನಾಳೆ ಗುರುವಾರ. ಇನ್ನು ಸುಮ್ಮನಿದ್ದರೆ ನನ್ನ ಬಾಳು ಸುರಪುರಕ್ಕೆ ಹೋಗುತ್ತಿತ್ತು.

ಹುಡುಗಿ ತೋರಿಸುವ ತನಕ ನಾನು ಅವರ ಕಣ್ಣಿಗೆ ಬೀಳಬಾರದು ಅಂತ ಕಟ್ಟಪ್ಪಣೆ. ಒಂದೇ ಮನೆಯಲ್ಲಿ ಇದ್ದುಕೊಂಡು ಇದು ಹೇಗೆ ಸಾಧ್ಯ? ದಿನಕ್ಕೆ ಹತ್ತು ಸಲ ಎದುರಾಗುತ್ತಿದ್ದೆವು. ಆ ತಾಯಿ ಕೂಡಲೇ ಆಕಾಶ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ.

ಗುರುವಾರ ಮುಂಜಾನೆ ಅವರು ಹಿತ್ತಿಲಲ್ಲಿ ಬಾವಿಯ ಹತ್ತಿರ ಒಬ್ಬರೇ ನಿಂತಿದ್ದರು. ನಾನು ಕೊಡ ಇಳಿಸಿ ಗೋಡೆಯ ಕಡೆ ಮುಖ ಮಾಡಿ ಹೇಳಿದೆ: "ಅಮ್ಮಾರ, ಯಾವುದನ್ನೂ ಚಂದ ಅದ ಅನಬ್ಯಾಡ್ರಿ. ಅಂದ್ರ ಅಪ್ಪ ಕೊಟ್ಟುಬಿಡ್ತಾನ."

ಅವರು ಆಕಾಶದ ಕಡೆ ನೋಡುತ್ತಲೇ, "ಅಂದ್ರೆ ಆ ಎತ್ತು ನಿಜವಾಗ್ಲೂ ನಮಗೇ ಕೊಟ್ಟಿದಾರಾ?" ಅಂದರು.

"ಹೌದ್ರಿ."

"ಅಯ್ಯೋ ಶಿವನೇ! ನಾನು ಏನೋ ಪೂಜೆಗೆ ಕಟ್ಟಿದಾರೆ ಅಂದ್ಕೊಂಡಿದ್ದೆ. ಹೊಗಳದೇ ಇದ್ರೆ ನಿಮ್ಮನೆಯೋರು ನೊಂದ್ಕೊಳ್ತಾರೇನೋ ಅಂತ ಹುಡುಕಿ ಹುಡುಕಿ ಹೊಗಳ್ತಾ ಇದ್ದೆ ಕಣಮ್ಮ. ಆ ಬೀಸೋಕಲ್ಲು ಬಂದಾಗಿಂದ ನನಗೆ ನಿದ್ದೆ ಇಲ್ಲ. ಇವರು ನಮ್ಮ ಹುಡುಗನ್ನ ಕೊಂಡ್ಕೊಳ್ತಾ ಇದಾರೇನೋ ಅಂತ ಭಯ!"

ನಾನು ರಿವಾಜು ವಿವರಿಸಿದೆ. ಅಪ್ಪ "ಒಯ್ರಿ, ನಿಮ್ಮದೇ ಅದ" ಅಂದ ಕೂಡಲೇ ಎದೆಯ ಮೇಲೆ ಕೈ, "ನಿಮ್ಮಲ್ಲೇ ಇರಲಿ, ನಮ್ಮಲ್ಲಿದ್ದ ಹಾಗೇ." ತಡ ಮಾಡಬಾರದು, ಗಟ್ಟಿಯಾಗಿ ಹೇಳಬೇಕು. ಇಬ್ಬರೂ ಬಾವಿಯ ಕಟ್ಟೆಯ ಬಳಿ ನಿಂತು ಅಭ್ಯಾಸ ಮಾಡಿದೆವು. ನಾನು ಅಪ್ಪನ ದನಿಯಲ್ಲಿ "ಒಯ್ರಿ" ಅನ್ನುವುದು, ಅವರು ಪಟ್ಟನೆ ಎದೆಗೆ ಕೈ ಬಡಿದುಕೊಳ್ಳುವುದು. ಮೊದಮೊದಲು ಕೈ ಹಣೆಗೆ ಹೋಗುತ್ತಿತ್ತು. ಆಮೇಲೆ ಸರಿಯಾಯಿತು.

"ಆದ್ರೂ ಬೇಡಮ್ಮ, ಬಾಯೇ ಬಿಡೋದಿಲ್ಲ. ನಮ್ಮೋರಿಗೂ ಹೇಳ್ತೀನಿ. ಮೀರಿ ಏನಾದ್ರೂ ಆದ್ರೆ ಕೈ ಇದ್ದೇ ಇದೆ" ಅಂದರು. ನನಗೆ ಎದೆಯ ಭಾರ ಇಳಿಯಿತು. ಎಲ್ಲ ನೆಟ್ಟಗೆ ಮಾಡಿದೆ ಅಂದುಕೊಂಡು ಕೊಡ ಎತ್ತಿದೆ. ಇಬ್ಬರೂ ಅಲ್ಲಿಂದ ಒಬ್ಬರನ್ನೊಬ್ಬರು ನೋಡೇ ಇಲ್ಲದವರ ಹಾಗೆ ಒಳಗೆ ಹೋದೆವು.

ಗುರುವಾರ

ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಒಂದು ಕಡೆ ಮಾಸ್ತರು ಮತ್ತು ಅವರ ತಂದೆ ತಾಯಿ. ಅವರ ಹಿಂದೆ ಹಂಡೆ, ಬೀಸುವ ಕಲ್ಲು, ಎತ್ತು. ಇನ್ನೊಂದು ಕಡೆ ಅಪ್ಪ, ಸುರಪುರದ ಮಾವ, ಪಕ್ಕದ ಮನೆಯ ಅಡತ್ಯ. ಬಾಗಿಲ ಬಳಿ ಆಯಿ. ನಾನು ಎಲೆ ಅಡಿಕೆಯ ತಾಟು ತಂದಿಟ್ಟು ತಲೆ ತಗ್ಗಿಸಿ ಕೂತೆ.

ಅವ್ವ ಹುಡುಗಿಯ ಕಡೆ ನೋಡಿ ಅಂತ ಆ ತಾಯಿಗೆ ಸನ್ನೆ ಮಾಡಿದಳು. ಅವರು ನೋಡಿದರು. ತುಟಿ ಬಿಗಿ ಹಿಡಿದರು.

"ಇದು ಇಕೀನೇ ಹೊಲಿದ ಕುಬಸ ನೋಡ್ರಿ" ಅಂತ ಅವ್ವ ತೋರಿಸಿದಳು. ಅವರು ನೋಡಿದರು. ಮುಖ ಆ ಕಡೆ ತಿರುಗಿಸಿಬಿಟ್ಟರು.

"ಅಡಗಿನೂ ಇಕೀನೇ ಮಾಡ್ತಾಳ್ರಿ. ನಿನ್ನಿ ಹೋಳಿಗಿ ಇಕೀನೇ ಮಾಡಿದ್ದು. ಹ್ಯಾಂಗಿತ್ರಿ?"

ಮಾಸ್ತರ ತಂದೆ ಬಾಯಿ ತೆರೆದರು. ಹೆಂಡತಿ ಅವರ ತೊಡೆ ಚಿವುಟಿದರು. ಅವರು ಮುಚ್ಚಿಕೊಂಡರು.

ಆಗ ನನಗೆ ಹೊಳೆಯಿತು. ಯಾವುದನ್ನೂ ಹೊಗಳಬೇಡಿ ಅಂದಿದ್ದೆ. ನನ್ನನ್ನು ಹೊಗಳಬಹುದು ಅಂತ ಹೇಳುವುದನ್ನೇ ಮರೆತಿದ್ದೆ. ಬಾವಿಯ ಹತ್ತಿರ ಅಷ್ಟು ಜಾಣತನ ಮಾಡಿ ನನ್ನ ಲಗ್ನಕ್ಕೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಈಗ ಬಾಯಿ ಬಿಡುವ ಹಾಗಿಲ್ಲ. ಹುಡುಗಿ ತೋರಿಸುವಾಗ ಹುಡುಗಿ ಮಾತಾಡಿದರೆ ಮುಗಿದೇ ಹೋಯಿತು.

ಅಪ್ಪ ಸುಮ್ಮನಾದ.

ಅವ್ವ ಒಳಗೆ ಹೋಗಿ ಒಲೆ ಆರಿಸಿದಳು. ಪಕ್ಕದ ಮನೆಯವನು ಮೆಲ್ಲಗೆ ಎದ್ದು, ಬಾಗಿಲಲ್ಲಿ ಆಡುತ್ತಿದ್ದ ತನ್ನ ಮಕ್ಕಳನ್ನು ಕರೆದುಕೊಂಡು ಹೊರಟ. ಮಾಸ್ತರು ಗಾಬರಿಯಿಂದ ನನ್ನತ್ತ ನೋಡಿದರು, ಇದು ಜಗಳವೇ ಅಂತ. ನಾನು ಅವತ್ತು ಮೊದಲ ಸಲ ಹೌದು ಅಂತ ಗೋಣು ಹಾಕಿದೆ. ನನ್ನ ಕಣ್ಣೀರು ಎಲೆ ಅಡಿಕೆಯ ತಾಟಿಗೆ ಬಿತ್ತು.

ಸುರಪುರದ ಮಾವ ಗಂಟಲು ಸರಿ ಮಾಡಿಕೊಂಡ. "ಭಾವ, ಯಾದಗಿರಿ ಬಸ್ಸು ಇನ್ನೂ ಹೋಗಿಲ್ಲ. ಮೆಹಮಾನರಿಗೆ ತಡ ಆಗಬಾರದು."

ಅಪ್ಪ, ಬಸ್ಸಿಗೆ ಎತ್ತು ಹತ್ತುವುದಿಲ್ಲ, ಗಾಡಿ ಹೇಳಬೇಕು ಅನ್ನುವ ಹಾಗೆ ಎತ್ತಿನ ಕಡೆ ಒಮ್ಮೆ ನೋಡಿದ, ಎದ್ದು ನಿಂತ.

ಆಯಿಗೆ ಇನ್ನು ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಕೋಲು ನೆ‍ಲಕ್ಕೆ ಕುಟ್ಟಿ ಗುಡುಗಿದಳು: "ಏ ತಂಗಿ! ಹಂಡೆ ನೋಡಿ ಚಂದ ಅಂದಿ. ಬೀಸೋ ಕಲ್ಲು ನೋಡಿ ಚಂದ ಅಂದಿ. ನನ ಮೊಮ್ಮಗಳು ಆ ಕಲ್ಲಿಗಿಂತ ಕಡಿಮಿ ಅದಾಳೇನು? ಬಾಯಾಗ ಏನಿಟ್ಕೊಂಡಿ? ಮಾತಾಡು!"

ಆ ತಾಯಿ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಕಣ್ಣು ತುಂಬಿ ಬಂತು. "ಹೇಗೆ ಹೇಳ್ಲಿ ಅಜ್ಜಿ? ಹೇಳಿದ್ರೆ ಇವರು ಕೊಟ್ಟುಬಿಡ್ತಾರಲ್ಲ!"

ಮೊದಲು ನಕ್ಕದ್ದು ಆಯಿ. "ಅಯ್ಯ ನಿನ್ನ! ಕೊಡಾಕಂತೇ ಕುಂತೇವಲ್ಲ! ಹೇಳು, ಹೆದರಬ್ಯಾಡ."

"ಹೇಳ್ಬಹುದಾ?"

"ಹೇಳವ್ವಾ."

ಆ ತಾಯಿ ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. "ಬಂಗಾರದಂಥಾ ಹುಡುಗಿ! ಎಷ್ಟು ಲಕ್ಷಣ, ಎಷ್ಟು ಜಾಣೆ, ಬಂದ ದಿನದಿಂದ ನೋಡ್ತಾನೇ ಇದೀನಿ. ತುಂಬ, ತುಂಬ ಚೆನ್ನಾಗಿದಾಳೆ!"

ಅಪ್ಪನ ಮುಖ ಅರಳಿತು. ಶೇರವಾನಿ ಸರಿಮಾಡಿಕೊಂಡು, ಇಡೀ ಓಣಿಗೆ ಕೇಳುವ ಹಾಗೆ, ಹಳೆಯ ದನಿಯಲ್ಲಿ ಹೇಳಿದ: "ಒಯ್ರಿ! ನಿಮ್ಮದೇ ಅದ!"

ಆ ದನಿ ಕಿವಿಗೆ ಬಿದ್ದದ್ದೇ ತಡ, ಬಾವಿಯ ಹತ್ತಿರ ಕಲಿತದ್ದು ತಾನಾಗಿ ಎದ್ದು ಬಂತು. ಆ ತಾಯಿಯ ಕೈ ಪಟ್ಟನೆ ಎದೆಗೆ ಬಡಿಯಿತು. ತಡವಿಲ್ಲದೆ, ಗಟ್ಟಿಯಾಗಿ, ಒಂದಕ್ಷರ ತಪ್ಪದೆ ಅವರು ಹೇಳಿಬಿಟ್ಟರು:

"ನಿಮ್ಮಲ್ಲೇ ಇರಲಿ, ನಮ್ಮಲ್ಲಿದ್ದ ಹಾಗೇ!"

ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಸುರಪುರದ ಮಾವ ಅರ್ಧ ಎದ್ದ. ಮಾಸ್ತರು ತಾಯಿಯ ಸೆರಗು ಹಿಡಿದುಕೊಂಡರು. ಆಮೇಲೆ ಏನಾಯಿತು ಅಂತ ನನಗೆ ನೆನಪಿಲ್ಲ. ನೋಡಿದವರು ಹೇಳುತ್ತಾರೆ: ತಲೆ ತಗ್ಗಿಸಿ ಕೂತ ಹುಡುಗಿ ತಾಟು ಬದಿಗೆ ಸರಿಸಿ ಎದ್ದು ನಿಂತು, ಆ ತಾಯಿಯ ಎದೆಯ ಮೇಲಿನ ಕೈಯನ್ನು ಹಿಡಿದು ಕೆಳಗೆ ಎಳೆದಳಂತೆ, ನಿಜಾಮರ ಕಾಲದ ರಿವಾಜೆಲ್ಲ ಬಿಟ್ಟು ಅಪ್ಪನಿಗಿಂತ ಜೋರಾಗಿ ಕೂಗಿದಳಂತೆ:

"ಬ್ಯಾಡ್ರಿ! ಒಯ್ರಿ!"

ಆಯಿ ಕೋಲು ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನೋಡವ್ವ ತಂಗಿ, ಕಲ್ಲು, ಹಂಡೆ ಎಲ್ಲಾ ಇಲ್ಲೇ ಬಿಟ್ಟು ಹೋಗು, ಹೊರೋದು ತ್ರಾಸ. ಎತ್ತು ಕಟ್ಟಿದ್ರೂ ನಿಲ್ಲವಲ್ದು. ಇದೊಂದು ಒಯ್ಯಿ, ತಾನೇ ನಡಕೋತ ಬರ್ತದ."